ಉಣ್ಣಲು ಬಂದು ಬಡಿಸಲು ನಿಂತವರು

ಗಾಲ್ಫ್ ಎಂಬ ಹೆಸರು ಕೇಳಿದರೆ ನಮ್ಮ ಕಡೆಯ ಜನ ನಕ್ಕು ಸುಮ್ಮನಾಗುತ್ತಾರೆ. ಅದು ಸಾಹುಕಾರರ ಆಟ. ಸಿನಿಮಾದಲ್ಲಿ ನಾಯಕಿಯ ತಂದೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಆಡುವ ಆಟ. ಎರೆ ಹೊಲ, ಮಸಾರಿ ಹೊಲದ ನಮಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಆ ಆಟದ ಸಿಪ್ಪೆ ಸುಲಿದು ತಿರುಳನ್ನು ನೋಡಿ. ದೂರದಲ್ಲೊಂದು ಕುಣಿ, ಕಾಲ ಬಳಿ ಒಂದು ಚೆಂಡು. ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಣಿಗೆ ಸೇರಿಸಿದವನು ಗೆದ್ದ. ಗಜೇಂದ್ರಗಡದ ಯಾವುದೇ ಓಣಿಯಲ್ಲಿ ಗೋಲಿಗುಂಡ ಆಡುವ ಹುಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕುಣಿಗಳು ಹದಿನೆಂಟು, ಮೈದಾನ ನೂರು ಎಕರೆಗೂ ಮೇಲೆ, ಹೊಡೆಯುವುದು ಬೆರಳಿನಿಂದಲ್ಲ, ಕೋಲಿನಿಂದ. ವ್ಯತ್ಯಾಸ ಇಷ್ಟೇ.

ಅಲ್ಲ, ಇನ್ನೂ ಒಂದು ವ್ಯತ್ಯಾಸವಿದೆ. ಗೋಲಿಗುಂಡದ ಬಯಲಿಗೆ ಗೇಟು ಇಲ್ಲ. ಗಾಲ್ಫ್ ಮೈದಾನಕ್ಕೆ ಗೇಟು ಇದೆ, ಗೇಟಿನಲ್ಲಿ ಕಾವಲುಗಾರನೂ ಇದ್ದಾನೆ. ಆ ಗೇಟನ್ನು ದಾಟಿ ಒಳಗೆ ಹೋಗಿ, ಅಲ್ಲಿ ಸಿಗಬಹುದಾದ ಕೀರ್ತಿಯನ್ನೆಲ್ಲ ಗಳಿಸಿ, ಆಮೇಲೆ ಹೊರಗೆ ನಿಂತವರಿಗೂ ದಾರಿ ಮಾಡಿಕೊಟ್ಟ ಒಬ್ಬ ಹಿರಿಯ ಆಟಗಾರರನ್ನು ಈ ವಾರ ನೆನೆಯೋಣ. ಅವರ ಹೆಸರು ಪೀಟರ್ ಥಾಮ್ಸನ್. ಊರು ಆಸ್ಟ್ರೇಲಿಯಾದ ಮೆಲ್ಬರ್ನ್. ಪಾರ್ಕಿನ್ಸನ್ ಕಾಯಿಲೆಯಿಂದ ಕೆಲವು ವರ್ಷ ನರಳಿ 2018ರ ಜೂನ್ 20ರಂದು, ತಮ್ಮ 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶಾಲೆಗಳು ತೆರೆದು ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರದ ಈ ಜೂನ್ ತಿಂಗಳಲ್ಲಿ ಅವರ ಕಥೆ ನಮ್ಮ ಮಕ್ಕಳಿಗೂ ಪಾಲಕರಿಗೂ ಉಪಯೋಗಕ್ಕೆ ಬರುವಂಥದ್ದು.

ಒಂಬತ್ತು ಕುಣಿಯ ಬಯಲು

ಥಾಮ್ಸನ್ ಹುಟ್ಟಿದ್ದು 1929ರ ಆಗಸ್ಟ್ 23ರಂದು, ಮೆಲ್ಬರ್ನ್ ನಗರದ ಉತ್ತರಕ್ಕಿರುವ ಬ್ರನ್ಸ್‌ವಿಕ್ ಎಂಬ ಬಡಾವಣೆಯಲ್ಲಿ. ಅರಮನೆಯಂಥ ಕ್ಲಬ್ಬುಗಳಿರುವ ಕಡೆಯಲ್ಲ ಅದು. ಆದರೆ ಮನೆಯ ಹತ್ತಿರ ರಾಯಲ್ ಪಾರ್ಕ್ ಎಂಬ ಸಾರ್ವಜನಿಕ ಬಯಲಿತ್ತು, ಅದರಲ್ಲಿ ಒಂಬತ್ತು ಕುಣಿಯ ಒಂದು ಸಣ್ಣ ಗಾಲ್ಫ್ ಮೈದಾನವಿತ್ತು. ಹೆಸರು ರಾಯಲ್, ಆದರೆ ಅಲ್ಲಿ ಆಡಲು ರಾಜನ ಮಗನಾಗಿರಬೇಕೆಂಬ ನಿಯಮ ಇರಲಿಲ್ಲ. ಥಾಮ್ಸನ್ ಕಲಿತದ್ದು ಅಲ್ಲಿ. ಹದಿನೈದನೆಯ ವಯಸ್ಸಿಗೇ ಅಲ್ಲಿನ ಕ್ಲಬ್ಬಿನ ಚಾಂಪಿಯನ್ ಆದರು. ಜೊತೆಗೆ ಕೈಗಾರಿಕಾ ರಸಾಯನಶಾಸ್ತ್ರ ಓದುತ್ತಿದ್ದರು. ವಿಜ್ಞಾನದ ವಿದ್ಯಾರ್ಥಿ ಎಂದ ಕೂಡಲೇ ನನಗೆ ಅವರ ಮೇಲೆ ಪ್ರೀತಿ ಒಂದು ತೂಕ ಹೆಚ್ಚು ಎಂದು ಬೇರೆ ಹೇಳಬೇಕಾಗಿಲ್ಲ.

ಮುಂದೆ ಅವರು ಮಾಡಿದ್ದು ಗಾಲ್ಫ್ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿದೆ. ಬ್ರಿಟಿಷ್ ಓಪನ್ ಎಂಬುದು 1860ರಲ್ಲಿ ಆರಂಭವಾದ, ಗಾಲ್ಫ್ ಲೋಕದ ಅತ್ಯಂತ ಹಳೆಯ ದೊಡ್ಡ ಪಂದ್ಯಾವಳಿ. ಅದನ್ನು ಥಾಮ್ಸನ್ 1954, 1955, 1956ರಲ್ಲಿ ಸತತ ಮೂರು ಸಲ ಗೆದ್ದರು. 1882ರ ನಂತರ ಹಾಗೆ ಗೆದ್ದವರಿರಲಿಲ್ಲ, ಅವರ ನಂತರವೂ ಯಾರೂ ಇಲ್ಲ. 1958ರಲ್ಲಿ ಮತ್ತೆ ಗೆದ್ದರು. ಉಳಿದ ವರ್ಷಗಳಲ್ಲಿ? 1952, 1953, 1957ರಲ್ಲಿ ಎರಡನೇ ಸ್ಥಾನ. ಅಂದರೆ ಏಳು ವರ್ಷ ಅವರು ಒಂದು ಅಥವಾ ಎರಡು ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿ ರ‍್ಯಾಂಕ್ ವಿದ್ಯಾರ್ಥಿಗಳ ಪಾಲಕರಿಗೆ ಇದರ ಬೆಲೆ ಚೆನ್ನಾಗಿ ಅರ್ಥವಾದೀತು!

ಆಗಲೂ ಕೊಂಕು ತೆಗೆಯುವವರಿದ್ದರು. ಆ ದಿನಗಳಲ್ಲಿ ಅಮೆರಿಕದ ಹೆಸರಾಂತ ಆಟಗಾರರು ಕಡಲು ದಾಟಿ ಬರುವುದೇ ಅಪರೂಪ, ಅವರಿಲ್ಲದ ಕಣದಲ್ಲಿ ಗೆದ್ದದ್ದು ಯಾವ ದೊಡ್ಡಸ್ತಿಕೆ ಎಂದರು. ಥಾಮ್ಸನ್ ವಾದಕ್ಕೆ ಇಳಿಯಲಿಲ್ಲ. 1965ರಲ್ಲಿ ರಾಯಲ್ ಬರ್ಕ್‌ಡೇಲ್ ಮೈದಾನಕ್ಕೆ ಆರ್ನಾಲ್ಡ್ ಪಾಮರ್, ಜ್ಯಾಕ್ ನಿಕ್ಲಾಸ್‌ರಂಥ ಘಟಾನುಘಟಿಗಳೆಲ್ಲ ಬಂದಿದ್ದರು. ಅವರೆಲ್ಲರ ಎದುರಿನಲ್ಲೇ ಐದನೆಯ ಸಲ ಗೆದ್ದು ತೋರಿಸಿದರು. ಮಾತಿಗೆ ಉತ್ತರ ಕೆಲಸದಿಂದ ಕೊಡುವುದು ಎಂದರೆ ಇದೇ.

ಗಾಳಿಯ ಜೊತೆ ರಾಜಿ

ಅವರು ಗೆದ್ದದ್ದು ಬರೀ ತೋಳಬಲದಿಂದ ಅಲ್ಲ. ಬ್ರಿಟನ್ನಿನ ಕಡಲ ದಂಡೆಯ ಮೈದಾನಗಳೆಂದರೆ ಮರಳು ದಿಬ್ಬ, ಗಟ್ಟಿ ನೆಲ, ಬೀಸುವ ಗಾಳಿ. ಚೆಂಡನ್ನು ಎತ್ತರಕ್ಕೆ ಹೊಡೆದರೆ ಗಾಳಿ ಅದನ್ನು ತನಗೆ ಬೇಕಾದ ಕಡೆ ಒಯ್ಯುತ್ತದೆ. ಥಾಮ್ಸನ್ ಚೆಂಡನ್ನು ತಗ್ಗಿನಲ್ಲಿ ಹಾರಿಸುತ್ತಿದ್ದರು. ಎಲ್ಲಿ ಬೀಳಬೇಕು, ಬಿದ್ದ ಮೇಲೆ ಎಷ್ಟು ಪುಟಿಯುತ್ತದೆ, ಎಷ್ಟು ಉರುಳುತ್ತದೆ ಎಂಬ ಲೆಕ್ಕ ಮೊದಲು, ಹೊಡೆತ ಆಮೇಲೆ.

ತಗ್ಗಿನಲ್ಲಿ ಯಾಕೆ? ಉತ್ತರ ನಮ್ಮ ಗಜೇಂದ್ರಗಡದ ಗುಡ್ಡದ ಮೇಲೇ ಇದೆ. ಅಲ್ಲಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿ. ಮೊದಲೇ ಗುಡ್ಡ, ಅದರ ಮೇಲೆ ಮತ್ತೆ ಅಷ್ಟೆತ್ತರದ ಕಂಬ ಯಾಕೆ? ನೆಲ, ಗಿಡ, ಕಲ್ಲುಗಳಿಗೆ ತಿಕ್ಕಿಕೊಂಡು ಸಾಗುವ ಗಾಳಿ ನೆಲದ ಹತ್ತಿರ ನಿಧಾನವಾಗಿರುತ್ತದೆ. ಮೇಲೆ ಹೋದಂತೆ ಅದರ ವೇಗ ಹೆಚ್ಚುತ್ತದೆ. ವಿದ್ಯುತ್ ತಯಾರಿಸುವವನಿಗೆ ಮೇಲಿನ ಗಾಳಿ ಬೇಕು, ಗಾಲ್ಫ್ ಆಡುವವನಿಗೆ ಅದು ಬೇಡ. ನಿಸರ್ಗದ ನಿಯಮ ಒಂದೇ, ಅದನ್ನು ಬಳಸಿಕೊಳ್ಳುವ ರೀತಿ ಎರಡು.

ಒಮ್ಮೆ ಒಬ್ಬ ವಿದ್ಯಾರ್ಥಿ ಗಾಲ್ಫ್ ಚೆಂಡನ್ನು ತರಗತಿಗೇ ತಂದಿದ್ದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಮಾವ ಕೊಟ್ಟದ್ದಂತೆ. ‘ಸರ್, ಇದರ ಮೈಮ್ಯಾಲೆ ಸಿಡುಬಿನ ಕಲೆ ಹಂಗ ತಗ್ಗು ಯಾಕದಾವ್ರಿ? ನುಣ್ಣಗಿದ್ರ ಇನ್ನೂ ದೂರ ಹೋಗ್ತಿತ್ತಲ್ರಿ?’ ಎಂದು ಕೇಳಿದ. ಅವನ ಪ್ರಶ್ನೆ ಸಹಜವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಟಪರ್ಚ ಎಂಬ ಗಿಡದ ಹಾಲಿನಿಂದ ನುಣುಪಾದ ಚೆಂಡು ಮಾಡುತ್ತಿದ್ದವರೂ ಹಾಗೇ ಅಂದುಕೊಂಡಿದ್ದರು. ಆದರೆ ಆಡಿ ಆಡಿ ಗೀರು ಬಿದ್ದ ಹಳೆಯ ಚೆಂಡು ಹೊಸದಕ್ಕಿಂತ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡರು. ಆಮೇಲೆ ಹೊಸ ಚೆಂಡಿಗೇ ಸುತ್ತಿಗೆಯಿಂದ ಗುರುತು ಹೊಡೆಯತೊಡಗಿದರು. ಇಂದಿನ ಚೆಂಡಿಗೆ ಮುನ್ನೂರಕ್ಕೂ ಹೆಚ್ಚು ತಗ್ಗುಗಳಿರುತ್ತವೆ.

ಕಾರಣ ಹೀಗಿದೆ. ಹಳ್ಳಿಯ ಮಣ್ಣು ರಸ್ತೆಯಲ್ಲಿ ಬಸ್ಸು ಹೋದರೆ ಅದರ ಬೆನ್ನ ಹಿಂದೆ ಧೂಳು ಸುತ್ತಿ ಸುತ್ತಿ ಬರುತ್ತದೆ. ಬಸ್ಸಿನ ಹಿಂದೆ ಒತ್ತಡ ಕಡಿಮೆಯಾಗಿ ಗಾಳಿ ಸುಳಿಯಾಗುವುದರಿಂದ ಹೀಗಾಗುತ್ತದೆ. ಈ ಸುಳಿ ಬಸ್ಸನ್ನು ಹಿಂದಕ್ಕೆ ಜಗ್ಗುತ್ತದೆ. ನುಣುಪಾದ ಚೆಂಡಿನ ಹಿಂದೆ ಇಂಥ ಸುಳಿ ದೊಡ್ಡದು. ತಗ್ಗುಗಳು ಚೆಂಡಿನ ಮೈಗಂಟಿದ ತೆಳುವಾದ ಗಾಳಿಯ ಪದರವನ್ನು ಕಲಕುತ್ತವೆ. ಕಲಕಿದ ಗಾಳಿ ಮೈ ಬಿಡದೆ ಹಿಂಬದಿಯವರೆಗೂ ಅಂಟಿಕೊಂಡು ಹೋಗುತ್ತದೆ. ಸುಳಿ ಸಣ್ಣದಾಗುತ್ತದೆ, ಜಗ್ಗುವ ಬಲ ಕಡಿಮೆಯಾಗುತ್ತದೆ. ತಗ್ಗಿಲ್ಲದ ಚೆಂಡು ಸುಮಾರು ಅರ್ಧ ದೂರಕ್ಕೇ ನೆಲ ಕಾಣುತ್ತದೆ.

ಇನ್ನೊಂದು ಗುಟ್ಟು ತಿರುಗುವಿಕೆ. ಕೋಲಿನ ಮುಖ ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದ, ಹೊಡೆತ ಬಿದ್ದ ಚೆಂಡು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತ ಹಾರುತ್ತದೆ. ಕೋಲು ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ. ಅಷ್ಟರಲ್ಲೇ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತಿನ ವೇಗ ಅದಕ್ಕೆ ಬಂದಿರುತ್ತದೆ. ಹೀಗೆ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಪುಸ್ತಕದಿಂದ ಎದ್ದು ಮೈದಾನಕ್ಕೆ ಬಂದಂತಾಯಿತು. ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ 1890ರ ದಶಕದಲ್ಲಿಯೇ ಇದನ್ನು ಲೆಕ್ಕಹಾಕಿ ಪ್ರಬಂಧ ಬರೆದಿದ್ದರು.

ಥಾಮ್ಸನ್ ಬ್ರಿಟನ್ನಿನಲ್ಲಿ ಗೆದ್ದ ಕಾಲಕ್ಕೆ ಅಲ್ಲಿ ಬಳಕೆಯಲ್ಲಿದ್ದ ಚೆಂಡು ಸಣ್ಣದು, ವ್ಯಾಸ 1.62 ಅಂಗುಲ. ಅಮೆರಿಕದ್ದು 1.68 ಅಂಗುಲ. ತೂಕದ ಮಿತಿ ಎರಡಕ್ಕೂ ಒಂದೇ, ಸುಮಾರು 46 ಗ್ರಾಂ. ಗಾಳಿಗೆ ಎದುರಾಗುವ ಮೈ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಮಕ್ಕಳೇ, ಲೆಕ್ಕ ಮಾಡಿ: ದೊಡ್ಡ ಚೆಂಡಿನ ಮೈ ಶೇಕಡಾ ಏಳೂವರೆಯಷ್ಟು ಹೆಚ್ಚು. ಗಾಳಿಯಲ್ಲಿ ಸಣ್ಣ ಚೆಂಡು ಯಾಕೆ ಹಿಡಿತಕ್ಕೆ ಸಿಗುತ್ತಿತ್ತು ಎಂಬುದು ಈಗ ತಿಳಿಯಿತಲ್ಲವೇ? 1974ರಿಂದ ಬ್ರಿಟಿಷ್ ಓಪನ್‌ನಲ್ಲೂ ದೊಡ್ಡ ಚೆಂಡೇ ಕಡ್ಡಾಯವಾಯಿತು.

ನಮ್ಮ ದೇಶಕ್ಕೆ ಬಂದ ಅತಿಥಿ

ಇಷ್ಟಾದ ಮೇಲೆ ಥಾಮ್ಸನ್ ಅಮೆರಿಕಕ್ಕೆ ಹೋಗಿ ನೆಲೆಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ದುಡ್ಡು ಇದ್ದದ್ದು ಅಲ್ಲಿ. ಅವರು ಮುಖ ಮಾಡಿದ್ದು ಏಷ್ಯಾದ ಕಡೆಗೆ. ಹಾಂಗ್‌ಕಾಂಗ್, ಜಪಾನ್, ಭಾರತ ಮೊದಲಾದ ಕಡೆ ಆಡಿದರು. ಅಲ್ಲಲ್ಲಿ ಚದುರಿದ್ದ ಪಂದ್ಯಗಳನ್ನು ಒಂದು ಸರಣಿಯಾಗಿ ಪೋಣಿಸಲು 1960ರ ದಶಕದ ಆರಂಭದಲ್ಲಿ ದುಡಿದವರಲ್ಲಿ ಅವರೂ ಒಬ್ಬರು.

ಭಾರತಕ್ಕೆ ಗಾಲ್ಫ್ ಹೊಸದಲ್ಲ. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಆದರೆ ಅವು ಆಳುವವರ ಮನರಂಜನೆಗೆ ಹುಟ್ಟಿದವು. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಅಲ್ಲಿ ಭಾರತೀಯ ಬಡ ಹುಡುಗನಿಗಿದ್ದ ಕೆಲಸ ಒಂದೇ, ಚೀಲ ಹೊರುವುದು. ಅವನಿಗೆ ಕ್ಯಾಡಿ ಎನ್ನುತ್ತಾರೆ. ದೇಶದ್ದೇ ಆದ ಒಂದು ಮುಕ್ತ ಪಂದ್ಯಾವಳಿ ಬೇಕು, ಹೊರಗಿನವರೂ ಒಳಗಿನವರೂ, ಹವ್ಯಾಸಿಗಳೂ ವೃತ್ತಿಪರರೂ ಒಂದೇ ಕಣದಲ್ಲಿ ಆಡಬೇಕು ಎಂದು ಒತ್ತಾಸೆಯಾಗಿ ನಿಂತವರು ಥಾಮ್ಸನ್. 1964ರಲ್ಲಿ ದಿಲ್ಲಿ ಗಾಲ್ಫ್ ಕ್ಲಬ್ಬಿನಲ್ಲಿ ಮೊದಲ ಇಂಡಿಯನ್ ಓಪನ್ ನಡೆಯಿತು. ಅದನ್ನು ಗೆದ್ದವರೂ ಅವರೇ. 1966ರಲ್ಲಿ ಮತ್ತೆ ಗೆದ್ದರು. ಹತ್ತು ವರ್ಷ ಬಿಟ್ಟು 1976ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ ಮೂರನೆಯ ಸಲ ಗೆದ್ದರು. ಸೋತು ಹೋಗಬಹುದಾದ ಊರಿಗೆ ಮತ್ತೆ ಮತ್ತೆ ಬರುವುದು ದೊಡ್ಡ ಚಾಂಪಿಯನ್ನರಿಗೆ ಸುಲಭವಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಮದುವೆ ಮನೆಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಮೊದಲ ಪಂಕ್ತಿಯಲ್ಲಿ ಉಂಡ ಬೀಗರು ಕೈ ತೊಳೆದು ಬಂದು ಎರಡನೆಯ ಪಂಕ್ತಿಗೆ ಬಡಿಸಲು ತಾವೇ ಸೌಟು ಹಿಡಿಯುತ್ತಾರೆ. ಆಗ ಮನೆಯವರು ಯಾರು, ಅತಿಥಿ ಯಾರು ಎಂದು ಗುರುತಿಸುವುದೇ ಕಷ್ಟ. ಭಾರತದ ಗಾಲ್ಫಿಗೆ ಥಾಮ್ಸನ್ ಅಂಥ ಬೀಗರು. ತಮ್ಮ ದೇಶದಲ್ಲಿಯೂ ಅವರದು ಇದೇ ರೀತಿ. ಆಸ್ಟ್ರೇಲಿಯಾದ ವೃತ್ತಿಪರ ಗಾಲ್ಫ್ ಆಟಗಾರರ ಸಂಘಕ್ಕೆ 1962ರಿಂದ 1994ರವರೆಗೆ ಮೂವತ್ತೆರಡು ವರ್ಷ ಅಧ್ಯಕ್ಷರಾಗಿದ್ದರು. ಮೆಲ್ಬರ್ನಿನ ಪತ್ರಿಕೆಗೆ ದಶಕಗಳ ಕಾಲ ಗಾಲ್ಫ್ ಬಗ್ಗೆ ಬರೆದರು. ಮಾದಕ ವಸ್ತುಗಳ ಚಟಕ್ಕೆ ಬಿದ್ದವರನ್ನು ಮೇಲೆತ್ತುವ ಒಡಿಸ್ಸಿ ಹೌಸ್ ಎಂಬ ಸಂಸ್ಥೆಯ ಹೊಣೆ ಹೊತ್ತರು. 1998ರಲ್ಲಿ ಅಮೆರಿಕ ತಂಡವನ್ನು ಸೋಲಿಸಿ ಪ್ರೆಸಿಡೆಂಟ್ಸ್ ಕಪ್ ಗೆದ್ದ ಅಂತರರಾಷ್ಟ್ರೀಯ ತಂಡಕ್ಕೆ ಅವರೇ ನಾಯಕರು. ಆಗ ಅವರ ವಯಸ್ಸು ಅರವತ್ತೊಂಬತ್ತು.

ಚಲ್ಲಘಟ್ಟದ ಹುಲ್ಲು

ಥಾಮ್ಸನ್ ಅವರ ಇನ್ನೊಂದು ಕಸುಬು ಮೈದಾನಗಳ ವಿನ್ಯಾಸ. ಅವರೂ ಅವರ ಜೊತೆಗಾರರೂ ಸೇರಿ ಹಲವು ದೇಶಗಳಲ್ಲಿ ನೂರಕ್ಕೂ ಹೆಚ್ಚು ಮೈದಾನ ರೂಪಿಸಿದರು. ದಿಲ್ಲಿಯ ಮೈದಾನವನ್ನು 1976-77ರಲ್ಲಿ ತಿದ್ದಿಕೊಟ್ಟರು. ನಮ್ಮ ರಾಜ್ಯಕ್ಕೂ ಅವರ ಕೈಗುರುತು ಬಿದ್ದಿದೆ. ಬೆಂಗಳೂರಿನ ದೊಮ್ಮಲೂರು ಬಳಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಪಕ್ಕದಲ್ಲಿರುವ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಅವರ ತಂಡದ ವಿನ್ಯಾಸ. 2012ರ ಇಂಡಿಯನ್ ಓಪನ್ ಇಲ್ಲಿಯೇ ನಡೆಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ನನ್ನ ವಿದ್ಯಾರ್ಥಿಗಳು ನನ್ನನ್ನು ಬಿಡುವುದಿಲ್ಲ. ಆ ಮೈದಾನವಿರುವ ಜಾಗ ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆಯ ಅಂಗಳ. ಬೆಂಗಳೂರು ಕಳೆದುಕೊಂಡ ಹಲವು ಕೆರೆಗಳಲ್ಲಿ ಅದೂ ಒಂದು. ಗಾಲ್ಫ್ ಹುಲ್ಲು ಬಾಯಾರಿದ ಹುಲ್ಲು. ಒಂದು ಮೈದಾನಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಲಕ್ಷಾಂತರ ಲೀಟರ್ ನೀರು ಬೇಕಾಗುತ್ತದೆ. ಕೊಡಪಾನ ಹಿಡಿದು ನಳದ ಮುಂದೆ ಪಾಳಿ ನಿಂತು ಗೊತ್ತಿರುವ ನಮಗೆ ಈ ಲೆಕ್ಕ ಚುಚ್ಚದೇ ಇರದು. ಮೆಚ್ಚಿದವರನ್ನು ನೆನೆಯುವಾಗ ಅವರ ಆಟದ ಖರ್ಚನ್ನೂ ಬರೆದಿಡಬೇಕು. ಆದರೆ ಥಾಮ್ಸನ್ ಈ ವಿಷಯದಲ್ಲಿ ನಮ್ಮ ಕಡೆಗೇ ಹತ್ತಿರ. ನೀರು ಕುಡಿಸಿ ಕುಡಿಸಿ ಮೆತ್ತಗೆ ಮಾಡಿದ ಮೈದಾನ ಅವರಿಗೆ ಹಿಡಿಸುತ್ತಿರಲಿಲ್ಲ. ನೆಲದ ಏರಿಳಿತವನ್ನು ಇದ್ದಂತೆ ಬಳಸಿಕೊಳ್ಳಬೇಕು, ನೆಲ ಗಟ್ಟಿಯಾಗಿರಬೇಕು, ಚೆಂಡು ಪುಟಿದು ಉರುಳಬೇಕು ಎಂಬುದು ಅವರ ಪಕ್ಷ. ನಮ್ಮ ಮಸಾರಿ ನೆಲವನ್ನು ಕಂಡಿದ್ದರೆ ಅವರು ಬೇಸರಪಡುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಎರಡನೆಯ ಪಂಕ್ತಿ

ಬಡಿಸಿದ್ದು ಯಾರಿಗೆ ಮುಟ್ಟಿತು ನೋಡೋಣ. ಎರಡನೆಯ ಇಂಡಿಯನ್ ಓಪನ್ 1965ರಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ಗೆದ್ದವರು ಭಾರತದ ಪಿ.ಜಿ. ಸೇಠಿ, ಹಣಕ್ಕಾಗಿ ಆಡದ ಹವ್ಯಾಸಿ. ಆಮೇಲೆ ಇಪ್ಪತ್ತಾರು ವರ್ಷ ಆ ಕಪ್ ಭಾರತೀಯರ ಕೈಗೆ ಸಿಗಲಿಲ್ಲ. 1991ರಲ್ಲಿ ಸಿಕ್ಕಿತು. ಗೆದ್ದವರು ಅಲಿ ಶೇರ್. ಅವರು ದಿಲ್ಲಿ ಗಾಲ್ಫ್ ಕ್ಲಬ್ಬಿನಲ್ಲಿ ಇತರರ ಚೀಲ ಹೊತ್ತ ಕ್ಯಾಡಿ. ಅದೇ ಮೈದಾನದಲ್ಲಿ, ಥಾಮ್ಸನ್ ಮೊದಲ ಸಲ ಗೆದ್ದ ನೆಲದಲ್ಲಿಯೇ, ಅಲಿ ಶೇರ್ ಗೆದ್ದರು. 1993ರಲ್ಲಿ ಮತ್ತೊಮ್ಮೆ ಗೆದ್ದು, ಅದು ಅದೃಷ್ಟದ ಆಟವಲ್ಲ ಎಂದು ಸಾಬೀತು ಮಾಡಿದರು. ಮುಕ್ತ ಪಂದ್ಯಾವಳಿ ಎಂಬ ಬಾಗಿಲು ಇರದಿದ್ದರೆ ಆ ಭುಜದ ಮೇಲಿನ ಚೀಲ ಇಳಿಯುತ್ತಿತ್ತೇ?

ಇನ್ನು ಬೆಂಗಳೂರಿನ ಕಥೆ. ಒಂದು ಕುಟುಂಬ ತಿಂಡಿಗೆಂದು ಹೋಗಿದ್ದ ಹೋಟೆಲಿನ ಪಕ್ಕದಲ್ಲಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸದ ಮೈದಾನ ಕಾಣುತ್ತಿತ್ತು. ಐದು ವರ್ಷದ ಮಗಳು ಅದೇನೆಂದು ಕುತೂಹಲಪಟ್ಟಳು. ಮನೆಯಲ್ಲಿ ಯಾರಿಗೂ ಆ ಆಟ ಗೊತ್ತಿರಲಿಲ್ಲ. ಗದರಿಸಿ ಇಡ್ಲಿ ತಿನ್ನು ಎನ್ನಬಹುದಾಗಿದ್ದ ತಂದೆ ತಾಯಿ, ಅವಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಆ ಮಗು ಅದಿತಿ ಅಶೋಕ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಅದಿತಿ ಆಡಿದಾಗ ಚೀಲ ಹೊತ್ತವರು ಅವರ ತಂದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತವರು ತಾಯಿ. ಅಲ್ಲಿ ಅದಿತಿ ನಾಲ್ಕನೆಯ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. 2023ರಲ್ಲಿ ಹಾಂಗ್‌ಜೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಬೀಜ ಬಿತ್ತಿದವರು ಒಬ್ಬರು, ನೀರೆರೆದವರು ಇನ್ನೊಬ್ಬರು. ತೆನೆ ಕಾಣುವ ಹೊತ್ತಿಗೆ ಬಿತ್ತಿದವರ ಹೆಸರು ನೆನಪಿನಲ್ಲಿ ಉಳಿಯುವುದು ಕಡಿಮೆ. ಆದ್ದರಿಂದಲೇ ಈ ಲೇಖನ.

ಪಾಲಕರಲ್ಲಿ ಒಂದು ಮಾತು

ನಿಮ್ಮ ಮಕ್ಕಳನ್ನು ಗಾಲ್ಫಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಅದರ ಖರ್ಚು ನನಗೂ ಗೊತ್ತು, ನಿಮಗೂ ಗೊತ್ತು. ನಾನು ಹೇಳುವುದು ಎರಡೇ ಮಾತು. ಮೊದಲನೆಯದು ಬಯಲಿನ ಮಾತು. ಜಗತ್ತು ಗೆದ್ದ ಆಟಗಾರ ತಯಾರಾದದ್ದು ಮನೆಯ ಹತ್ತಿರದ ಒಂದು ಸಾರ್ವಜನಿಕ ಬಯಲಿನಲ್ಲಿ. ನಮ್ಮ ಊರುಗಳಲ್ಲಿ ಅಂಥ ಬಯಲು ನಿವೇಶನಗಳಾಗಿ, ಅಂಗಡಿ ಸಾಲುಗಳಾಗಿ ಕರಗುತ್ತಿವೆ. ಶಾಲೆಯ ಆಟದ ಪಿರಿಯಡ್ಡನ್ನು ಗಣಿತವೋ ವಿಜ್ಞಾನವೋ ನುಂಗುತ್ತದೆ. ವಿಜ್ಞಾನದ ಮಾಸ್ತರನಾಗಿಯೇ ಇದನ್ನು ಹೇಳುತ್ತಿದ್ದೇನೆ. ಗಾಳಿ, ವೇಗ, ಕೋನ, ಪುಟಿತ ಇವೆಲ್ಲವನ್ನೂ ಮಗು ಮೊದಲು ಕಾಲಿನಿಂದ, ಕೈಯಿಂದ ಕಲಿಯುತ್ತದೆ. ಸೂತ್ರ ಬರುವುದು ಆಮೇಲೆ.

ಎರಡನೆಯದು ಏಣಿಯ ಮಾತು. ಏಣಿ ಹತ್ತಿದ ಮೇಲೆ ಅದನ್ನು ಒದೆಯುವವರೇ ಹೆಚ್ಚಿರುವ ಕಾಲವಿದು. ನಮ್ಮ ಊರಿನಿಂದ ಓದಿ ಹೋಗಿ ಎಂಜಿನಿಯರ್, ಡಾಕ್ಟರ್, ಅಧಿಕಾರಿಯಾದವರು ಎಷ್ಟೋ ಜನರಿದ್ದಾರೆ. ಅವರಲ್ಲಿ ಕೆಲವರು ವರ್ಷಕ್ಕೊಮ್ಮೆ ತಾವು ಓದಿದ ಶಾಲೆಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕುಳಿತು, ಹತ್ತನೆಯ ತರಗತಿಯ ಮಕ್ಕಳೊಡನೆ ಅರ್ಧ ದಿನ ಮಾತಾಡಿ ಹೋಗುತ್ತಾರೆ. ಆ ಅರ್ಧ ದಿನದ ಬೆಲೆ ಅವರಿಗೆ ತಿಳಿದಿರಲಿಕ್ಕಿಲ್ಲ. ಮಕ್ಕಳು ಮಾತ್ರ ಅದನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಥಾಮ್ಸನ್ ಐದು ಸಲ ಗೆದ್ದ ಬ್ರಿಟಿಷ್ ಓಪನ್ ಅವರ ಕೀರ್ತಿ. ಅಲಿ ಶೇರ್ ಗೆದ್ದ ಇಂಡಿಯನ್ ಓಪನ್ ಅವರ ಪುಣ್ಯ. ಎರಡರಲ್ಲಿ ಯಾವುದು ದೊಡ್ಡದು ಎಂಬುದನ್ನು ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಚರ್ಚಿಸಿ.

ಮಾಡಿ ನೋಡಿ

ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಎರಡು ಬೆರಳು ದಪ್ಪದ ಕೊಳವೆಯಂತೆ ಸುತ್ತಿ ಅಂಟಿಸಿ. ಮೇಜಿನ ಅಂಚಿಗೆ ಒಂದು ಹಲಗೆಯನ್ನು ಇಳಿಜಾರಾಗಿ ಇಡಿ. ಮೊದಲು ಒಂದು ಗೋಲಿಗುಂಡವನ್ನು ಹಲಗೆಯ ಮೇಲಿನಿಂದ ಉರುಳಿಬಿಟ್ಟು ಎಲ್ಲಿ ಬೀಳುತ್ತದೆ ಗುರುತಿಸಿ. ಆಮೇಲೆ ಕಾಗದದ ಕೊಳವೆಯನ್ನು ಅಡ್ಡಲಾಗಿಟ್ಟು ಉರುಳಿಬಿಡಿ. ಗುಂಡ ಮುಂದಕ್ಕೆ ಹಾರಿ ಬೀಳುತ್ತದೆ. ಕೊಳವೆ ಮಾತ್ರ ಗಾಳಿಯಲ್ಲಿಯೇ ಹೊರಳಿ, ಮೇಜಿನ ಅಡಿಗೆ ನುಗ್ಗುವಂತೆ ಒಳಕ್ಕೆ ಬಾಗುತ್ತದೆ. ಹೊಡೆತ ತಿಂದ ಗಾಲ್ಫ್ ಚೆಂಡಿನ ಹಾಗೆ ಅದೂ ತಿರುಗುತ್ತಿದೆ. ಆದರೆ ತಿರುಗುವ ದಿಕ್ಕು ಚೆಂಡಿನದಕ್ಕೆ ವಿರುದ್ಧ. ಹಗುರವಾದ ಕೊಳವೆ ಹೀಗೆ ಬಾಗುತ್ತದೆ, ಭಾರದ ಗುಂಡ ಯಾಕೆ ಬಾಗುವುದಿಲ್ಲ? ಯೋಚಿಸಿ, ನಿಮ್ಮ ವಿಜ್ಞಾನದ ಮಾಸ್ತರರೊಡನೆ ಮಾತಾಡಿ. ಸಿಕ್ಕ ಉತ್ತರವನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಪಕ್ಕದ ಬೆಂಚಿನವನಿಗೂ ಹೇಳಿಕೊಡಿ.